ಗುಳೆ ಹೋಗಿ ಬಂದ ಪುಸ್ತಕಗಳು

ಯಲಬುರ್ಗಾ ತಾಲ್ಲೂಕಿನ ಒಂದು ಗ್ರಾಮ ಪಂಚಾಯಿತಿಯ ಗ್ರಂಥಾಲಯಕ್ಕೆ ಮೇಲ್ವಿಚಾರಕಿಯಾಗಿ ಸೇರಿದ ದಿನ ನನಗೆ ಮೂರು ಕಬ್ಬಿಣದ ಬೀರುಗಳ ಕೀಲಿಗಳನ್ನು ಒಪ್ಪಿಸಿದವರು, ಪುಸ್ತಕ ಕಳೆದರೆ ಅದರ ಬೆಲೆಯನ್ನು ಗೌರವಧನದಲ್ಲಿ ಮುರಿದುಕೊಳ್ಳುತ್ತಾರೆ ಎಂದು ಎಚ್ಚರಿಸಿದ್ದರು. ಆ ಮಾತಿನ ಭಯಕ್ಕೆ ಮೊದಲೆರಡು ವರ್ಷ ನಾನು ಬೀರುಗಳನ್ನು ತೆರೆದದ್ದು ಧೂಳು ಒರೆಸಲು ಮಾತ್ರ. ಬೆಳಿಗ್ಗೆ ಗಂಡಸರು ಬಂದು ಪತ್ರಿಕೆ ಓದಿ, ಮಳೆ ಬೆಳೆಯ ಮಾತಾಡಿ ಹೋಗುತ್ತಿದ್ದರು. ಹೆಂಗಸರು ಒಬ್ಬರೂ ಬರುತ್ತಿರಲಿಲ್ಲ. ಮಕ್ಕಳು ಕಿಟಕಿಯಲ್ಲಿ ಇಣುಕಿ ಓಡುತ್ತಿದ್ದರು.

2019ರಲ್ಲಿ ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಯ ವ್ಯಾಪ್ತಿಗೆ ಬಂದವು. ಮರುವರ್ಷ ಕೊರೊನಾದಿಂದಾಗಿ ಶಾಲೆಗಳು ಮುಚ್ಚಿದ್ದಾಗ, ನವೆಂಬರ್ ತಿಂಗಳಲ್ಲಿ ‘ಓದುವ ಬೆಳಕು’ ಕಾರ್ಯಕ್ರಮ ಆರಂಭವಾಗಿ, 6ರಿಂದ 18 ವರ್ಷದ ಮಕ್ಕಳಿಗೆಲ್ಲ ಉಚಿತ ಸದಸ್ಯತ್ವ ಕೊಡಬೇಕೆಂಬ ಸೂಚನೆ ಬಂತು. ನಾನು ಉತ್ಸಾಹದಿಂದ ಹೆಸರು ಬರೆದುಕೊಂಡೆ. ಹೆಸರು ಬರೆಸಿ ಹೋದ ಹುಡುಗಿಯೊಬ್ಬಳು ಮರುದಿನ ಬಂದು, ‘ಅಕ್ಕಾರ, ನನ್ನ ಪುಸ್ತಕ ಎಲ್ಲೈತ್ರಿ?’ ಎಂದು ಕೇಳಿದಳು. ಪುಸ್ತಕಗಳು ಇರುವುದೇ ಬಳಕೆಗಾಗಿ ಎಂಬುದನ್ನು ಎಸ್. ಆರ್. ರಂಗನಾಥನ್ ಅವರು 1931ರಲ್ಲಿಯೇ ಗ್ರಂಥಾಲಯ ವಿಜ್ಞಾನದ ಮೊದಲ ಸೂತ್ರವನ್ನಾಗಿ ಇಟ್ಟಿದ್ದರು. ಅದನ್ನು ತರಬೇತಿಯಲ್ಲಿ ಬರೆದುಕೊಂಡು ಬಂದವಳು ನಾನು. ಆ ಮಗುವಿನ ಎದುರು ಕೀಲಿ ಹಿಡಿದು ನಿಂತದ್ದೂ ನಾನೇ. ಆ ವಾರವೇ ಊರಿನ ಬಡಿಗೇರರೊಬ್ಬರನ್ನು ಕರೆದು, ಹಳೆಯ ಬಾಗಿಲಿನ ಹಲಗೆಗಳಿಂದ ಮಕ್ಕಳ ಕೈಗೆಟುಕುವ ಎತ್ತರದ ಕಪಾಟು ಮಾಡಿಸಿದೆ.

ಮಕ್ಕಳನ್ನು ಕರೆದೊಯ್ಯಲು ಬರುತ್ತಿದ್ದ ಅಜ್ಜಿಯರು ಮಾತ್ರ ಹೊಸ್ತಿಲು ದಾಟುತ್ತಿರಲಿಲ್ಲ. ‘ನಮಗ ಓದಾಕ ಬರಂಗಿಲ್ಲವ್ವಾ, ನಾವ್ಯಾಕ ಒಳಗ ಬರೂಣು’ ಎನ್ನುವುದೇ ಅವರ ಉತ್ತರವಾಗಿತ್ತು. ಒಂದು ದಿನ ಅವರಲ್ಲೊಬ್ಬರ ಮನೆ ತೆರಿಗೆಯ ರಸೀದಿಯನ್ನು ತರಿಸಿಕೊಂಡು, ಅದರಲ್ಲಿ ಆರೋಗ್ಯ ಕರ, ಶಿಕ್ಷಣ ಕರಗಳ ಜೊತೆಗೆ ತೆರಿಗೆಯ ನೂರಕ್ಕೆ 6ರಷ್ಟು ಗ್ರಂಥಾಲಯ ಕರವೂ ಸೇರಿರುವುದನ್ನು ಬೆರಳಿಟ್ಟು ತೋರಿಸಿದೆ. 1965ರ ಗ್ರಂಥಾಲಯ ಕಾಯ್ದೆಯ ಹೆಸರು ಅವರಿಗೆ ಬೇಕಿರಲಿಲ್ಲ. ವರ್ಷ ವರ್ಷವೂ ತಾವು ರೊಕ್ಕ ಕಟ್ಟಿದ ಜಾಗವಿದು ಎಂಬುದು ತಿಳಿದ ಮೇಲೆ ಅವರ ನಡಿಗೆಯೇ ಬೇರೆಯಾಯಿತು.

ಆದರೂ ದೊಡ್ಡ ಅಡ್ಡಿಯೊಂದು ಉಳಿದಿತ್ತು, ಅದು ನನ್ನ ಕಣ್ಣಿಗೆ ಬೀಳಲು ಬಹಳ ದಿನ ಹಿಡಿಯಿತು. ಪತ್ರಿಕೆಯ ಮೇಜು ಬಾಗಿಲಿನ ಬಳಿಯೇ ಇತ್ತು, ಹೊರಗಿನ ಕಟ್ಟೆಯ ಮೇಲೆ ಗಂಡಸರು ಕುಳಿತಿರುತ್ತಿದ್ದರು. ಒಳಗೆ ಬರುವ ಹೆಣ್ಣುಮಗಳು ಅಷ್ಟೂ ಜನರ ನೋಟ ದಾಟಿ ಬರಬೇಕಿತ್ತು. ಮೇಜನ್ನು ಪಕ್ಕದ ಪಡಸಾಲೆಗೆ ಸರಿಸಿ, ಒಳಗಿನ ಬೆಂಚುಗಳನ್ನು ತೆಗೆದು ಚಾಪೆ ಹಾಸಿದೆ. ಹಿರಿಯರು ಕೆಲವರು ಬೇಸರಪಟ್ಟುಕೊಂಡರು, ಆ ಬೇಸರ ಹೆಚ್ಚು ದಿನ ಉಳಿಯಲಿಲ್ಲ. ಸಮಯವನ್ನೂ ಬದಲಿಸಬೇಕಾಯಿತು. ಬೆಳಗಿನ ಹೊತ್ತು ಹೆಂಗಸರು ನೀರು ತುಂಬಿ ಹೊಲಕ್ಕೆ ಹೋಗಿರುತ್ತಾರೆ, ಸಂಜೆ ರೊಟ್ಟಿ ಬಡಿಯಬೇಕು. ಅವರಿಗೆ ಸಿಗುವುದು ಊಟವಾದ ಮೇಲಿನ ಒಂದೆರಡು ತಾಸು. ಗ್ರಾಮಸಭೆಯಲ್ಲಿ ಇದನ್ನು ಬಿಡಿಸಿ ಹೇಳಿದಾಗ, ಮಧ್ಯಾಹ್ನವೂ ಗ್ರಂಥಾಲಯ ತೆರೆಯಲು ಒಪ್ಪಿಗೆ ಸಿಕ್ಕಿತು.

ಆ ಮಧ್ಯಾಹ್ನಗಳೇ ಗ್ರಂಥಾಲಯವನ್ನು ಊರಿನದನ್ನಾಗಿ ಮಾಡಿದವು. ಉದ್ಯೋಗ ಖಾತ್ರಿಯಲ್ಲಿ ಕೆಲಸ ಕೇಳುವ ನಮೂನೆ 6ನ್ನು ಹೆಂಗಸರು ಮೊದಲು ಯಾರ ಯಾರನ್ನೋ ಕಾಡಿ ಬೇಡಿ ತುಂಬಿಸುತ್ತಿದ್ದರು. ಈಗ ಚಾಪೆಯ ಮೇಲೆ ಕುಳಿತು, ಎಂಟನೆಯ ತರಗತಿಯ ಹುಡುಗಿಯರ ಕೈಯಲ್ಲಿ ತುಂಬಿಸತೊಡಗಿದರು. ಅರ್ಜಿ ಕೊಟ್ಟಾಗ ದಿನಾಂಕವಿರುವ ಸ್ವೀಕೃತಿ ಕೇಳಬೇಕು, ಕೇಳಿದ 15 ದಿನಗಳೊಳಗೆ ಕೆಲಸ ಸಿಗದಿದ್ದರೆ ನಿರುದ್ಯೋಗ ಭತ್ಯೆ ಕೇಳುವ ಹಕ್ಕಿದೆ ಎಂಬುದನ್ನು ನಾನು ಗಟ್ಟಿಯಾಗಿ ಓದಿ ಹೇಳುತ್ತಿದ್ದೆ. ಹೆಬ್ಬೆಟ್ಟು ಒತ್ತುತ್ತಿದ್ದ ಇಬ್ಬರು ಆ ನಮೂನೆಯ ಮೇಲೆಯೇ ತಮ್ಮ ಹೆಸರು ಬರೆಯಲು ಕಲಿತರು. ಇದೆಲ್ಲ ಗ್ರಂಥಾಲಯದ ಕೆಲಸವೇ ಎಂದು ಕೇಳಿದವರಿದ್ದಾರೆ. ಕಾಗದದ ಮೇಲಿನ ಅಕ್ಷರವು ಒಬ್ಬರ ಬದುಕಿಗೆ ಒದಗುವಂತೆ ಮಾಡುವುದೇ ನನ್ನ ಕೆಲಸವೆಂದು ನಾನು ತಿಳಿದಿದ್ದೇನೆ.

ಆದರೂ ಗುಳೆ ನಿಲ್ಲಲಿಲ್ಲ. ಕಡಲೆ, ಜೋಳದ ರಾಶಿ ಮುಗಿಯುತ್ತಿದ್ದಂತೆ ನಮ್ಮ ಭಾಗದ ಕುಟುಂಬಗಳು ಗಂಟು ಕಟ್ಟಿಕೊಂಡು ಬೆಂಗಳೂರು, ಮಂಗಳೂರು, ಗೋವೆಯ ಕಡೆಗೆ ಕಟ್ಟಡ ಕೆಲಸಕ್ಕೆ ಹೊರಡುತ್ತವೆ. ಅಜ್ಜಿಯ ಹತ್ತಿರ ಬಿಡಲಾಗದ ಮಕ್ಕಳೂ ಜೊತೆಗೆ ಹೋಗುತ್ತಾರೆ. ಪುಸ್ತಕ ಹಿಂದಿರುಗಿಸಲು 15 ದಿನ ಎಂಬ ನಮ್ಮಲ್ಲಿನ ನಿಯಮ ಅವರಿಗೆ ಹೇಗೆ ಹೊಂದೀತು? ಹೊರಡುವ ಹಿಂದಿನ ದಿನ ಆ ಹುಡುಗಿಯೇ, ಅಂದರೆ ಮೊದಲು ನನ್ನನ್ನು ಪುಸ್ತಕ ಕೇಳಿದ್ದವಳೇ, ಓದಿ ಮುಗಿಯದ ಕಥೆಪುಸ್ತಕವನ್ನು ಮೇಜಿನ ಮೇಲಿಟ್ಟು ಸುಮ್ಮನೆ ನಿಂತಾಗ, ನಾನು ವಹಿಯಲ್ಲಿ ಹಿಂದಿರುಗಿಸುವ ದಿನಾಂಕದ ಜಾಗದಲ್ಲಿ ‘ಕಾರಹುಣ್ಣಿಮೆ’ ಎಂದು ಬರೆದು, ಇನ್ನೆರಡು ಪುಸ್ತಕಗಳನ್ನು ಸೇರಿಸಿ ಕೊಟ್ಟೆ. ಅಂದಿನಿಂದ ಗುಳೆ ಹೋಗುವ ಪ್ರತಿ ಮಗುವಿಗೂ ಹೀಗೆಯೇ ಮೂರು ಪುಸ್ತಕ ಕೊಡುತ್ತಿದ್ದೇವೆ. ಕಳೆದವುಗಳ ಲೆಕ್ಕಕ್ಕೆ ಮಹಿಳಾ ಸಂಘದವರು ತಾವು ಜಾಮೀನು ಎಂದಿದ್ದಾರೆ, ಆ ಮಾತನ್ನು ಬಳಸಿಕೊಳ್ಳುವ ಪ್ರಸಂಗ ಒಮ್ಮೆಯೂ ಬಂದಿಲ್ಲ.

ಮುಂಗಾರಿನ ಹೊತ್ತಿಗೆ ಪುಸ್ತಕಗಳು ಹಿಂದಿರುಗುತ್ತವೆ, ಕೆಲವಕ್ಕೆ ಸಿಮೆಂಟಿನ ಕಲೆ, ಕೆಲವಕ್ಕೆ ಮಳೆನೀರಿನ ಗುರುತು. ಆ ಹುಡುಗಿ ಎರಡನ್ನಷ್ಟೇ ತಂದಿದ್ದಳು. ಮೂರನೆಯದನ್ನು, ಶೆಡ್ಡಿನ ಪಕ್ಕದಲ್ಲಿದ್ದ ರಾಯಚೂರು ಕಡೆಯ ಕುಟುಂಬದ ಹುಡುಗನಿಗೆ ಓದಲು ಕೊಟ್ಟಿದ್ದಳಂತೆ. ಅವನು ಮುಗಿಸುವ ಮೊದಲೇ ಇವರು ಊರಿಗೆ ಹೊರಟರಂತೆ. ವಹಿಯಲ್ಲಿ ಆ ಸಾಲನ್ನು ನಾನು ಹೊಡೆದುಹಾಕಿಲ್ಲ. ಅವಳ ಹೆಸರಿನ ಕೆಳಗೆ, ಅವಳು ಹೇಳಿದಂತೆ, ಆ ಹುಡುಗನ ಹೆಸರನ್ನೂ ಬರೆದುಕೊಂಡಿದ್ದೇನೆ.