ಮಂಡ್ಯದಲ್ಲಿ ಕುಳಿತು ಆಡಿದ ಹೀಲರ್ ಆಟ: ನನ್ನ ಅನುಭವ

ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ಎಂಬ, ಅನೇಕರು ಇಂಟರ್‌ನೆಟ್‌ನಲ್ಲಿ ಒಟ್ಟಿಗೆ ಆಡುವ ಕಂಪ್ಯೂಟರ್ ಆಟ ಮೊದಲು ಬಿಡುಗಡೆಯಾದದ್ದು 2004ರ ನವೆಂಬರಿನಲ್ಲಿ. ಆಗ ನಮ್ಮ ಮನೆಯಲ್ಲಿ ಕಂಪ್ಯೂಟರೇ ಇರಲಿಲ್ಲ. ಅದರ ಹಳೆಯ ರೂಪವನ್ನು 2019ರ ಆಗಸ್ಟಿನಲ್ಲಿ 'ಕ್ಲಾಸಿಕ್' ಎಂಬ ಹೆಸರಿನಿಂದ ಮತ್ತೆ ತೆರೆದಾಗ ನಾನು ಮಂಡ್ಯದಿಂದ ಮೈಸೂರಿಗೆ ದಿನವೂ ರೈಲಿನಲ್ಲಿ ಓಡಾಡಿಕೊಂಡು ಕೆಲಸ ಮಾಡುತ್ತಿದ್ದೆ. ಭಾರತದಲ್ಲಿ ಈ ಆಟದ ಸರ್ವರ್ ಇಲ್ಲದ್ದರಿಂದ ಯುರೋಪಿನ ಸರ್ವರ್ ಆರಿಸಿಕೊಂಡು, ತಿಂಗಳಿಗೆ 12.99 ಯೂರೋ, ಅಂದರೆ ಸಾವಿರ ರೂಪಾಯಿ ದಾಟುವ ಚಂದಾ ಕಟ್ಟಿ, ಪ್ರೀಸ್ಟ್ (ಪೂಜಾರಿ) ಎಂಬ ಪಾತ್ರವಾಗಿ ಆಟಕ್ಕಿಳಿದೆ.

ಪ್ರೀಸ್ಟ್‌ನ ಮುಖ್ಯ ಕೆಲಸ ಹೀಲಿಂಗ್, ಅಂದರೆ ಹೊಡೆಸಿಕೊಳ್ಳುವವರನ್ನು ಬದುಕಿಸಿಡುವುದು. ಟ್ಯಾಂಕ್ ಪಾತ್ರದವರು ಬಾಸ್‌ನ, ಅಂದರೆ ದೊಡ್ಡ ಶತ್ರುವಿನ, ಏಟನ್ನು ಮೈಮೇಲೆ ಹಾಕಿಕೊಳ್ಳುತ್ತಾರೆ, ಉಳಿದವರು ಹೊಡೆಯುತ್ತಾರೆ, ನಾವು ಎಲ್ಲರ ಜೀವ ಎಷ್ಟು ಉಳಿದಿದೆಯೆಂದು ತೋರಿಸುವ ಹಸಿರು ಪಟ್ಟಿಗಳನ್ನು ನೋಡುತ್ತ ಕೂರುತ್ತೇವೆ. ಕೇಳಲು ನೀರಸವೆನಿಸಿದರೂ ಇದರಲ್ಲಿ ದೊಡ್ಡ ಲೆಕ್ಕಾಚಾರವಿದೆ. ಮಾನಾ ಎಂಬ ಮಂತ್ರಶಕ್ತಿಯನ್ನು ಖರ್ಚು ಮಾಡಿ ಒಂದು ಮಂತ್ರ ಹಾಕಿದ ಮೇಲೆ ಐದು ಸೆಕೆಂಡುಗಳವರೆಗೆ, ಪಾತ್ರದ ಸ್ಪಿರಿಟ್ ಎಂಬ ಗುಣದಿಂದ ತುಂಬಿಕೊಳ್ಳಬೇಕಾದ ಮಾನಾ ಹೆಚ್ಚುಕಡಿಮೆ ನಿಂತೇಹೋಗುತ್ತದೆ. ಆದ್ದರಿಂದ ನುರಿತ ಹೀಲರ್ ಯಾವಾಗ ಮಂತ್ರ ಹಾಕಬೇಕೆಂಬುದಕ್ಕಿಂತ ಯಾವಾಗ ಸುಮ್ಮನಿರಬೇಕೆಂಬುದನ್ನೇ ಹೆಚ್ಚು ಯೋಚಿಸಬೇಕಾಗುತ್ತದೆ. ಗಾಯ ಚಿಕ್ಕದಿದ್ದರೆ ಅದೇ ಮಂತ್ರದ ಕೆಳದರ್ಜೆಯ ರೂಪವನ್ನು ಬಳಸಿ ಮಾನಾ ಉಳಿಸುವ ಅಭ್ಯಾಸವೂ ನಿಧಾನವಾಗಿ ಕೈಗೆ ಹತ್ತಿತು.

ಮೋಲ್ಟನ್ ಕೋರ್ ಎಂಬ ರೇಡ್‌ಗೆ, ಅಂದರೆ ದೊಡ್ಡ ಗುಂಪು ಕೂಡಿ ಮಾಡುವ ದಾಳಿಗೆ, 40 ಜನರವರೆಗೆ ಸೇರಬಹುದು. ಅದರ ಕೊನೆಯ ಬಾಸ್ ರಾಗ್ನರೋಸ್ ಮೂರು ನಿಮಿಷವಾದ ಮೇಲೆ ಲಾವಾದೊಳಗೆ ಮುಳುಗಿ, ಎಂಟು ಬೆಂಕಿಯ ಮಕ್ಕಳನ್ನು ಮೇಲೆ ಕಳುಹಿಸುತ್ತಾನೆ. ಅವು ಹತ್ತಿರ ಬಂದರೆ ನಮ್ಮಂಥವರ ಮಾನಾವನ್ನೇ ಸುಟ್ಟುಹಾಕುವುದರಿಂದ, ಓಡಿ ದೂರ ನಿಲ್ಲಬೇಕು, ಹಾಗೆಯೇ ಟ್ಯಾಂಕ್ ನಮ್ಮ ಮಂತ್ರ ತಲುಪುವ ದೂರದಿಂದ ಆಚೆ ಹೋಗದಂತೆಯೂ ನೋಡಿಕೊಳ್ಳಬೇಕು. ಗುರುತು ಪರಿಚಯವಿಲ್ಲದ ಅಷ್ಟು ಜನ ಒಂದೇ ಕ್ಷಣದಲ್ಲಿ ಸರಿಯಾದ ಜಾಗಕ್ಕೆ ಸರಿದು ನಿಂತಾಗ ಆಗುವ ಖುಷಿಯನ್ನು ಒಬ್ಬರೇ ಆಡುವ ಯಾವ ಆಟವೂ ನನಗೆ ಕೊಟ್ಟಿಲ್ಲ.

ಆದರೂ ನನಗೆ ಅತ್ಯಂತ ಇಷ್ಟವಾದ ಭಾಗವನ್ನು ಆಡಿದ್ದು ಒಬ್ಬಳೇ. ಬೆನೆಡಿಕ್ಷನ್ ಎಂಬ ದಂಡವನ್ನು ಪಡೆಯಲು ಪ್ರೀಸ್ಟ್‌ಗಳಿಗೆ ಒಂದು ಕ್ವೆಸ್ಟ್, ಅಂದರೆ ಆಟ ಒಪ್ಪಿಸುವ ಕೆಲಸ, ಇದೆ: ಊರು ಬಿಟ್ಟು ಓಡುವ ರೈತರನ್ನು ಬಾಣ ಬಿಡುವ ಅಸ್ಥಿಪಂಜರಗಳಿಂದ ಉಳಿಸಿ ದಾಟಿಸಬೇಕು. 15 ಜನ ಸಾಯುವುದರೊಳಗೆ 50 ಜನ ದಾಟಿದರೆ ಗೆಲುವು. ಎಲ್ಲರನ್ನೂ ಉಳಿಸಲು ಹೋದರೆ ಮಾನಾ ಬರಿದಾಗುತ್ತದೆ. ರೋಗ ತಗುಲಿದವರಲ್ಲಿ ಯಾರನ್ನು ಕೈಬಿಡಬೇಕೆಂದು ಕಣ್ಣೆದುರೇ ತೀರ್ಮಾನಿಸಬೇಕು. ಮಣ್ಣಿನ ದಾರಿಯಲ್ಲಿ ಬರುವ ಆ ಗುಂಪನ್ನು ನೋಡುತ್ತ ನನ್ನ ಅಂಗೈ ಬೆವರಿದ್ದು ನಿಜ.

ಇನ್ನು ತೊಂದರೆಗಳ ವಿಷಯ. ರೇಡ್‌ನಲ್ಲಿ ಸಿಕ್ಕ ಸಾಮಾನನ್ನು ಹಂಚಲು ಅನೇಕ ಗಿಲ್ಡ್‌ಗಳು (ಆಟಗಾರರ ಸಂಘಗಳು) ಡಿಕೆಪಿ ಎಂಬ ಅಂಕಪದ್ಧತಿಯನ್ನು ಬಳಸುತ್ತವೆ. ಅದು 1999ರ ಎವರ್‌ಕ್ವೆಸ್ಟ್ ಆಟದ ಕಾಲದಿಂದ ಬಂದದ್ದು. ಪ್ರತಿವಾರ ಹಾಜರಾಗಿ ಅಂಕ ಕೂಡಿಟ್ಟು, ಬೇಕಾದ ವಸ್ತು ಬಂದ ದಿನ ಆ ಅಂಕಗಳಿಂದ ಹರಾಜು ಕೂಗಬೇಕು. ಚೀಟಿ ಹಾಕಿದವರಿಗೆ ಇದು ಚೆನ್ನಾಗಿ ಅರ್ಥವಾಗುತ್ತದೆ: ನಡುವೆ ಬಿಟ್ಟರೆ ಕಟ್ಟಿದ್ದೆಲ್ಲ ಹೋಯಿತೆನ್ನುವ ಭಯವೇ ಮುಂದಿನ ವಾರವೂ ಕರೆತರುತ್ತದೆ. ಯುರೋಪಿನವರ ರಾತ್ರಿ ಎಂಟು ಗಂಟೆ ಚಳಿಗಾಲದಲ್ಲಿ ನಮಗೆ ನಡುರಾತ್ರಿ ಹನ್ನೆರಡೂವರೆ. ಒಮ್ಮೆ ನಾನು ಮೈಕ್‌ನಲ್ಲಿ "ಟ್ಯಾಂಕ್ ಡೆಡ್" ಎಂದದ್ದು ಪಕ್ಕದ ಕೋಣೆಗೆ ಕೇಳಿಸಿ, ಅಪ್ಪ ಎದ್ದು ಬಂದು "ಯಾರವ್ವ ಸತ್ತಿದ್ದು ಇಷ್ಟೊತ್ನಲ್ಲಿ?" ಎಂದು ಕೇಳಿದರು. ಅದಕ್ಕೆ ನಗಬಹುದು, ಆದರೆ ಬೆಳಿಗ್ಗೆ ರೈಲಿನಲ್ಲಿ ಕಂಬಿಗೆ ಒರಗಿ ನಿದ್ದೆ ಮಾಡುವುದು ನಗುವ ಸಂಗತಿಯಲ್ಲ. ನಡುವೆ ಕರೆಂಟ್ ಹೋದರೆ ಮಿಕ್ಕ 39 ಜನರ ಆಟವೂ ಕೆಡಬಹುದೆಂಬ ಹೆದರಿಕೆಯಿಂದ ಯುಪಿಎಸ್ ಕೊಂಡದ್ದೂ ಈ ಲೆಕ್ಕಕ್ಕೇ ಸೇರುತ್ತದೆ.

ನಾನು ಆಟ ಬಿಡಲಿಲ್ಲ, ಗಡಿಯಾರ ಬದಲಿಸಿದೆ. ಸಿಡ್ನಿಯವರ ಭಾನುವಾರ ರಾತ್ರಿ ಎಂಟು ನಮಗೆ ಮಧ್ಯಾಹ್ನ ಮೂರೂವರೆ. ಅವರ ಬೇಸಿಗೆಯಲ್ಲಿ ಎರಡೂವರೆ. ಊಟ ಮುಗಿಸಿ ಕೂರಲು ಅದು ಹೇಳಿ ಮಾಡಿಸಿದ ಹೊತ್ತು. ಆದರೆ ಯುರೋಪಿನ ಪಾತ್ರವನ್ನು ಆಸ್ಟ್ರೇಲಿಯಾದ ಸರ್ವರ್‌ಗೆ ವರ್ಗಾಯಿಸಲು ಅವಕಾಶವಿಲ್ಲದ್ದರಿಂದ ಬೆನೆಡಿಕ್ಷನ್ ಸಮೇತ ಎಲ್ಲವನ್ನೂ ಅಲ್ಲೇ ಬಿಟ್ಟು, ಒಂದನೇ ಹಂತದಿಂದ ಮತ್ತೆ ಬೆಳೆಯಬೇಕಾಯಿತು. ಪಿಂಗ್, ಅಂದರೆ ಸರ್ವರ್‌ಗೆ ಸಂದೇಶ ಹೋಗಿ ಬರಲು ಹಿಡಿಯುವ ಹೊತ್ತು, ಇಲ್ಲಿಯೂ ಹೆಚ್ಚೇ. ದೊಡ್ಡ ಹೀಲ್‌ಗಳಿಗೆ ಎರಡೂವರೆ ಮೂರು ಸೆಕೆಂಡು ಹಿಡಿಯುವುದರಿಂದ ಸ್ವಲ್ಪ ಮುಂಚೆಯೇ ಶುರು ಮಾಡಿದರೆ ಸಾಕಾಗುತ್ತದೆ.

2021ರ ಜೂನ್‌ನಲ್ಲಿ ಕ್ಲಾಸಿಕ್‌ಗೆ ಬರ್ನಿಂಗ್ ಕ್ರುಸೇಡ್ ಎಂಬ ವಿಸ್ತರಣೆ, ಅಂದರೆ ಆಟದ ಮುಂದಿನ ಭಾಗ, ಬಂದಿತು. 40 ಜನ ವಾರಗಟ್ಟಲೆ ದುಡಿದು ಗಳಿಸಿದ ಎಷ್ಟೋ ಉಡುಪುಗಳಿಗಿಂತ ಹೊಸ ಲೋಕದ ಸಾಧಾರಣ ಕ್ವೆಸ್ಟ್‌ಗಳ ಬಹುಮಾನವೇ ಮೇಲಾಯಿತು. ಇದು ನನ್ನನ್ನು ಅಷ್ಟಾಗಿ ಕಾಡಲಿಲ್ಲ. ಸಾಮಾನಿಗಾಗಿ ಆಡುವವರಿಗೆ ಮಾತ್ರ ಇದಕ್ಕಿಂತ ದೊಡ್ಡ ಪೆಟ್ಟಿಲ್ಲ. ನನಗೆ ಕಷ್ಟವಾದದ್ದು ಬೇರೆ: ದೊಡ್ಡ ರೇಡ್‌ಗಳ ಮಿತಿ 25ಕ್ಕೆ ಇಳಿದು, ಜೊತೆಗೆ ಆಡಿದ ಹದಿನೈದು ಜನಕ್ಕೆ ಜಾಗವೇ ಇಲ್ಲದಂತಾಯಿತು. ಅಂದಿನಿಂದ ನಾನೇ ಕೇಳಿ ಕಾಯ್ದಿರಿಸಿದವರ ಪಟ್ಟಿಗೆ ಸೇರಿದ್ದೇನೆ. ಹೀಲರ್ ಒಬ್ಬರು ಬಾರದ ಭಾನುವಾರ ಕರೆ ಬರುತ್ತದೆ, ಹೋಗುತ್ತೇನೆ. ಅಂಕ ಕಡಿಮೆ, ಸಾಮಾನು ಹಳೆಯದು, ಸೋಮವಾರದ ರೈಲಿಗೆ ನಿದ್ದೆ ಮಾತ್ರ ಪೂರ್ತಿ.