“ಸ್ವಲ್ಪ ಓದಿಸಿ” ಅನ್ನೋದನ್ನ ಬಿಟ್ಟ ಮೇಲೆ

ಪೋಷಕರ ಸಭೆಯಲ್ಲಿ ಟೀಚರ್‌ಗಳ ಬಾಯಲ್ಲಿ ಜಾಸ್ತಿ ಬರುವ ಮಾತು ಇದು: “ಮನೇಲಿ ಸ್ವಲ್ಪ ಓದಿಸಿ, ಗಮನ ಕೊಡಿ.” ಪೋಷಕರು ತಲೆ ಆಡಿಸಿ, ಸಹಿ ಹಾಕಿ ಹೊರಡುತ್ತಾರೆ. ಏನು ಓದಿಸಬೇಕು, ಹೇಗೆ, ಎಷ್ಟು ಹೊತ್ತು? ಅದನ್ನು ಯಾರೂ ಹೇಳಿರುವುದಿಲ್ಲ. ಪ್ರೈಮರಿ ತರಗತಿಗೆ ಪಾಠ ಮಾಡುವ ನಾನು ಆ ಮಾತನ್ನೇ ಬಿಟ್ಟಿದ್ದೇನೆ. ಈಗ ಒಂದು ಸಲಕ್ಕೆ ಒಂದೇ ಕೆಲಸ ಹೇಳುತ್ತೇನೆ. ಅದು ದುಡಿದು ದಣಿದು ಬಂದವರೂ ಹತ್ತು ನಿಮಿಷದಲ್ಲಿ ಮುಗಿಸುವಂಥದ್ದಾಗಿರಬೇಕು.

ಕಳೆಯುವ ಲೆಕ್ಕವನ್ನೇ ತಗೊಳ್ಳಿ. 52ರಲ್ಲಿ 27 ಕಳೆಯಿರಿ ಅಂದರೆ ಎಷ್ಟೋ ಮಕ್ಕಳು 35 ಬರೆಯುತ್ತಾರೆ. 2ರಲ್ಲಿ 7 ಹೋಗಲ್ಲ ಅಂತ ಉಲ್ಟಾ ಮಾಡಿ, 7ರಲ್ಲಿ 2 ಕಳೆದು 5 ಇಡುತ್ತಾರೆ. ಮನೆಯವರಿಗೆ ಕಾಣುವುದು ಕೆಂಪು ಗುರುತು ಮಾತ್ರ. ಲೆಕ್ಕದಲ್ಲಿ ಹಿಂದೆ ಅಂದುಕೊಂಡು ಮಗ್ಗಿ ಬಾಯಿಪಾಠ ಮಾಡಿಸಲು ಕೂರುತ್ತಾರೆ. ಮಗ್ಗಿಗೂ ಈ ತಪ್ಪಿಗೂ ಸಂಬಂಧವೇ ಇಲ್ಲ!

ಇಂಥ ಒಬ್ಬ ಹುಡುಗನ ಡೈರಿಯಲ್ಲಿ ಬರೆದೆ: “ಹತ್ತು ಹತ್ತು ಕಡ್ಡಿಯ ಐದು ಕಟ್ಟು, ಬಿಡಿ ಕಡ್ಡಿ ಎರಡು ಕೊಡಿ. 27 ಕಡ್ಡಿ ವಾಪಸ್ ಕೇಳಿ. ಅವನೇ ಕಟ್ಟು ಬಿಚ್ಚುವವರೆಗೆ ಸುಮ್ಮನಿರಿ.” ಕೊನೆಯ ವಾಕ್ಯವೇ ಮುಖ್ಯ. ದೊಡ್ಡವರಿಗೆ ಅದೇ ಕಷ್ಟ ನೋಡಿ.

ಮರುದಿನ ತಾಯಿಯ ಉತ್ತರ ಬಂತು: “ಮಿಸ್, ಕಟ್ಟು ಬಿಚ್ಚಿದ, ಸರಿಯಾಗೇ ಕೊಟ್ಟ. ಪುಸ್ತಕದಲ್ಲಿ ಬರೆಯುವಾಗ ಮಾತ್ರ ಮತ್ತೆ 35.” ಈ ಉತ್ತರದಿಂದ ನನಗೆ ಗೊತ್ತಾದಷ್ಟು ಟೆಸ್ಟ್ ಪೇಪರಿನಿಂದ ಗೊತ್ತಾಗಿರಲಿಲ್ಲ. ಕೈಗೆ ಬಂದಿದೆ, ಬರವಣಿಗೆಗೆ ಬಂದಿಲ್ಲ. ತರಗತಿಯಲ್ಲಿ ಅವನು ಒಂದು ಕಟ್ಟು ಬಿಚ್ಚಿದ ಕೂಡಲೇ ಪುಸ್ತಕದಲ್ಲಿ 5 ಹೊಡೆದು 4 ಬರೆಸಿದೆ, 2 ಇದ್ದಲ್ಲಿ 12 ಮಾಡಿಸಿದೆ. ಕಡ್ಡಿಯೂ ಅಂಕಿಯೂ ಜೊತೆಜೊತೆಗೇ ನಡೆದ ಮೇಲೆ 25 ತಾನಾಗೇ ಬಂತು.

2015ರಲ್ಲಿ ಅಮೆರಿಕದ ಮ್ಯಾಥ್ಯೂ ಕ್ರಾಫ್ಟ್ ಮತ್ತು ಟಾಡ್ ರಾಜರ್ಸ್ ಇಂಥದ್ದನ್ನೇ ಪರೀಕ್ಷಿಸಿ ನೋಡಿದ ಅಧ್ಯಯನ ಪ್ರಕಟಿಸಿದರು. ಟೀಚರ್ ಕಡೆಯಿಂದ ಪೋಷಕರಿಗೆ ವಾರಕ್ಕೊಂದು ಸಾಲಿನ ಸಂದೇಶ, ಅಷ್ಟೇ. ಬರೀ ಹೊಗಳಿಕೆಗಿಂತ ಏನನ್ನು ಸುಧಾರಿಸಬೇಕು ಅಂತ ತಿಳಿಸಿದ ಸಾಲುಗಳಿಂದಲೇ ಜಾಸ್ತಿ ಉಪಯೋಗವಾಯಿತು. ಅವರು ನೋಡಿದ್ದು ಹೈಸ್ಕೂಲ್ ಮಕ್ಕಳನ್ನು, ನಿಜ. ಚಿಕ್ಕ ಮಕ್ಕಳ ವಿಷಯದಲ್ಲೂ ನಾನು ಕಂಡದ್ದು ಅದನ್ನೇ. ಆದರೆ ಸುಧಾರಿಸಬೇಕಾದ್ದನ್ನು ಹೇಳುವುದು ಬೇರೆ, ದೂರು ಹೇಳುವುದು ಬೇರೆ. “ತರಗತಿಯಲ್ಲಿ ಗಲಾಟೆ ಮಾಡ್ತಾಳೆ” ಅಂತ ಬರೆದರೆ ಮನೆಯಲ್ಲಿ ಮಗುವಿಗೆ ಬೈಗುಳ ಸಿಗುತ್ತದೆ, ಇನ್ನೇನೂ ಆಗುವುದಿಲ್ಲ.

ಮನೆಯವರನ್ನು ಕೇಳುವುದೂ ಅಷ್ಟೇ ಮುಖ್ಯ. ವರ್ಷದ ಶುರುವಿನಲ್ಲೇ ಕೇಳಿಬಿಡುತ್ತೇನೆ: ಮಗುವಿಗೆ ಯಾವುದಕ್ಕೆ ಭಯ? ಬೇಜಾರಿಲ್ಲದೆ ಗಂಟೆಗಟ್ಟಲೆ ಏನು ಮಾಡುತ್ತದೆ? ತರಗತಿಯಲ್ಲಿ ಬಾಯಿಯೇ ಬಿಡದ ಹುಡುಗಿಯೊಬ್ಬಳಿದ್ದಳು. ಅವಳ ಅಮ್ಮ ನಗುತ್ತಾ ಹೇಳಿದರು, “ಮನೇಲಿ ತಮ್ಮನ್ನ ಕೂರಿಸ್ಕೊಂಡು ದಿನಾ ಪಾಠ ಮಾಡ್ತಾಳೆ ಮಿಸ್. ಬೈಯೋದೂ ನಿಮ್ಮ ಹಾಗೇ.” ಸ್ವಲ್ಪ ಚುರುಕ್ ಅಂತು, ಇರಲಿ. ಅಂದಿನಿಂದ ಅವಳನ್ನು ಎಲ್ಲರೆದುರು ನಿಲ್ಲಿಸಿ ಪ್ರಶ್ನೆ ಕೇಳಲಿಲ್ಲ. ಪಕ್ಕದಲ್ಲಿ ಕೂತವಳಿಗೆ ಓದಿ ಹೇಳು ಅಂದೆ. ದನಿ ಹೊರಬಂತು.

ಇನ್ನು ವಾಟ್ಸಾಪ್ ಗ್ರೂಪ್. ಅಲ್ಲಿ ರಜೆ, ಸಮಯ, ತರಬೇಕಾದ ಸಾಮಾನು, ಇಷ್ಟೇ ಇರಲಿ. ಯಾರ ಮಗು ಯಾರನ್ನು ಹೊಡೆಯಿತು ಅನ್ನೋದು ಅಲ್ಲಿಗೆ ಬಂದರೆ ಮಕ್ಕಳು ಮರುದಿನ ರಾಜಿಯಾಗಿರುತ್ತಾರೆ, ದೊಡ್ಡವರು ವರ್ಷವಿಡೀ ಮುಖ ತಿರುಗಿಸಿಕೊಂಡಿರುತ್ತಾರೆ. ಅಂಥ ಮಾತಿಗೆ ಮೊದಲು ಕ್ಲಾಸ್ ಟೀಚರನ್ನೇ ನೇರವಾಗಿ ಕಾಣುವುದು ಒಳ್ಳೆಯದು. ಎರಡೂ ಮಕ್ಕಳ ಮಾತು ಕೇಳಲು ನಮಗೂ ಒಂದು ದಿನ ಬೇಕಲ್ವಾ?

ಸಭೆಗೆ ಬಾರದವರಿಗೆ ಮಗುವಿನ ಮೇಲೆ ಕಾಳಜಿ ಇಲ್ಲ ಅಂತ ಸ್ಟಾಫ್ ರೂಮಿನಲ್ಲಿ ಸುಲಭವಾಗಿ ಹೇಳಿಬಿಡುತ್ತೇವೆ. ನನಗೆ ಅದು ಒಪ್ಪಿಗೆಯಿಲ್ಲ. ಶಿಫ್ಟ್ ಇರುತ್ತದೆ, ಮನೆಯಲ್ಲಿ ಕೂಸಿರುತ್ತದೆ. ಕೆಲವರಿಗೆ ಓದು ಬರಹ ಬಾರದ ಸಂಕೋಚ. ಅಂಥವರಿಗೆ ಡೈರಿ ಬದಲು ಫೋನ್ ಮಾಡುತ್ತೇನೆ, ಅವರಿಗೆ ಬಿಡುವಿದ್ದಾಗ. ಮೊದಲ ಫೋನಿನಲ್ಲಿ ಮಗು ಚೆನ್ನಾಗಿ ಮಾಡಿದ ಯಾವುದಾದರೂ ಒಂದನ್ನು ಹೇಳಿ ಇಡುತ್ತೇನೆ. ಎರಡನೆಯ ಸಲ ಶಾಲೆಯ ನಂಬರ್ ಕಂಡಾಗ ಅವರು ಗಾಬರಿಯಾಗದೆ ಎತ್ತುತ್ತಾರೆ.