ಬಾಬೆಲಿಗೆ ಮೊದಲು ತೂರ್ ಓದಿದೆವು

ಬೈಬಲಿನ ಕೊನೆಯ ಪುಸ್ತಕವಾದ ಪ್ರಕಟನೆ ಗ್ರಂಥದಲ್ಲಿ ಬಾಬೆಲ್ ಎಂಬ ಮಹಾನಗರದ ಪತನವನ್ನು ಹೇಳುವ 17 ಮತ್ತು 18ನೆಯ ಅಧ್ಯಾಯಗಳನ್ನು ಕೈಗೆತ್ತಿಕೊಳ್ಳುವ ಮೊದಲೇ ನಮ್ಮ ಸಭೆಯ ಅಧ್ಯಯನಕೂಟದಲ್ಲಿ ಎರಡು ಪಕ್ಷಗಳಾಗಿದ್ದವು. ಬಾಬೆಲ್ ಎಂದರೆ ಇರಾಕಿನ ಯೂಫ್ರೇಟಿಸ್ ನದಿಯ ದಡದ ಬಾಬೆಲೇ, ಅದು ಮತ್ತೆ ಎದ್ದು ಮತ್ತೆ ಬೀಳಬೇಕು ಎಂಬುದು ಕೆಲವರ ಮಾತು. ಸದ್ದಾಂ ಹುಸೇನ್ 1980ರ ದಶಕದಲ್ಲಿ ತನ್ನ ಹೆಸರು ಒತ್ತಿದ ಇಟ್ಟಿಗೆಗಳಿಂದ ಅಲ್ಲಿ ಗೋಡೆ ಎಬ್ಬಿಸಿದ್ದು ಅವರಿಗೆ ದೊಡ್ಡ ಸಾಕ್ಷಿ. ಅದೆಲ್ಲ ಬರೀ ಸಂಕೇತ ಎಂದು ಉಳಿದವರು. ಕೂಟ ನಡೆಸುವವಳಾಗಿ ನಾನು ಆ ವಾದಕ್ಕೆ ಇಳಿಯದೆ ಹಳೆಯ ಒಡಂಬಡಿಕೆಯ ಪ್ರವಾದಿ ಯೆಹೆಜ್ಕೇಲನ ಗ್ರಂಥದ 26ನೆಯ ಅಧ್ಯಾಯವನ್ನು ತೆರೆಯಲು ಹೇಳಿದೆ.

ಕಡಲತೀರದ ವ್ಯಾಪಾರನಗರ ತೂರ್ ಪಟ್ಟಣದ ಕಲ್ಲು, ಮರ, ಮಣ್ಣನ್ನು ನೀರಿಗೆ ಹಾಕುವರು ಎಂದು ಅಲ್ಲಿದೆ. ಕ್ರಿ.ಪೂ. 332ರಲ್ಲಿ ಅಲೆಕ್ಸಾಂಡರ್ ದಡದ ಹಳೆಯ ಊರಿನ ಅವಶೇಷಗಳನ್ನು ಸಮುದ್ರಕ್ಕೆ ಸುರಿದು ದ್ವೀಪದ ಕೋಟೆಗೆ ದಾರಿ ಕಟ್ಟಿದ. ಏಳು ತಿಂಗಳ ಮುತ್ತಿಗೆಯ ಬಳಿಕ ಒಳಹೊಕ್ಕ. ಅಕ್ಷರಶಃ ಓದುವವರಿಗೆ ಇದು ಹಿಡಿಸಿತು. ಆದರೆ ತೂರ್ ಮತ್ತೆಂದೂ ಕಟ್ಟಲ್ಪಡದು ಎಂದೂ ಅದೇ ಅಧ್ಯಾಯ ಹೇಳುತ್ತದೆ. ಆದರೂ ಶತಮಾನಗಳ ಬಳಿಕ ಅಪೊಸ್ತಲ ಪೌಲನು ಹಡಗಿನಿಂದ ಇಳಿದು ಶಿಷ್ಯರೊಂದಿಗೆ ಏಳು ದಿನ ತಂಗಿದ್ದು ತೂರಿನಲ್ಲಿ. ಇಂದಿಗೂ ಲೆಬನಾನಿನಲ್ಲಿ ಅದು ಜನ ತುಂಬಿದ ಊರು. ಇನ್ನು 29ನೆಯ ಅಧ್ಯಾಯದ 18ನೆಯ ವಚನದಲ್ಲಿ, ತೂರನ್ನು ಮುತ್ತಿದ ಬಾಬೆಲಿನ ಅರಸ ನೆಬೂಕದ್ನೆಚ್ಚರನಿಗಾಗಲಿ ಅವನ ಸೈನ್ಯಕ್ಕಾಗಲಿ ಪಟ್ಟ ಶ್ರಮಕ್ಕೆ ತೂರಿನಿಂದ ಕೂಲಿ ದಕ್ಕಲಿಲ್ಲ ಎಂದು ಯೆಹೆಜ್ಕೇಲನೇ ಬರೆದಿದ್ದಾನೆ. ಈ ವಚನ ನನಗೆ ತುಂಬ ಪ್ರಿಯ. ನಡೆದದ್ದನ್ನು ಮುಚ್ಚಿಡದೆ ತನ್ನ ಪ್ರವಾದನೆಯ ಪಕ್ಕದಲ್ಲೇ ಬರೆದಿಟ್ಟವನಿಗಿಂತ ನಾವು ಹೆಚ್ಚು ಅಕ್ಷರನಿಷ್ಠರಾಗಬೇಕೇ?

ಆಮೇಲೆ ಯೆಹೆಜ್ಕೇಲ 27 ಮತ್ತು ಪ್ರಕಟನೆ 18ನ್ನು ಅಕ್ಕಪಕ್ಕ ಇಟ್ಟು ಓದಿದೆವು. ತೂರಿನ ಸರಕುಪಟ್ಟಿ, ನಾವಿಕರ ಗೋಳಾಟ, ತಲೆಯ ಮೇಲೆ ಸುರಿದುಕೊಳ್ಳುವ ಧೂಳು, ಎಲ್ಲವೂ ಬಾಬೆಲಿನ ಅಧ್ಯಾಯದಲ್ಲಿ ಮತ್ತೆ ಸಿಗುತ್ತವೆ. ಬಾಬೆಲಿನ ನಾಶವನ್ನು ಬರೆದ ಸುರುಳಿಗೆ ಕಲ್ಲು ಕಟ್ಟಿ ಯೂಫ್ರೇಟಿಸಿಗೆ ಎಸೆಯುವಂತೆ ಪ್ರವಾದಿ ಯೆರೆಮೀಯ ಹೇಳಿದ್ದನು; ಪ್ರಕಟನೆಯನ್ನು ಬರೆದ ಯೋಹಾನನ ದರ್ಶನದಲ್ಲಿ ದೇವದೂತನು ಬೀಸುವ ಕಲ್ಲಿನಂಥ ಬಂಡೆಯನ್ನು ಸಮುದ್ರಕ್ಕೆ ಎಸೆಯುತ್ತಾನೆ. ತೂರಿನ ಶೋಕಗೀತೆಯನ್ನು ಬಾಬೆಲಿಗಾಗಿ ಹಾಡುವವನು ಒಂದು ಭೂಪಟದ ಬಿಂದುವನ್ನಷ್ಟೇ ತೋರಿಸುತ್ತಿಲ್ಲ. ಪ್ರಕಟನೆಯ 11ನೆಯ ಅಧ್ಯಾಯದಲ್ಲಂತೂ ಕರ್ತನು ಶಿಲುಬೆಗೇರಿದ ಊರಾದ ಯೆರೂಸಲೇಮನ್ನೇ ಆತ್ಮಿಕವಾಗಿ ಸೊದೋಮ್, ಐಗುಪ್ತ ಎಂದು ಕರೆಯಲಾಗಿದೆ.

ಹಾಗಾದರೆ ಊರೇ ಇಲ್ಲವೇ? ಇದೆ. 17ನೆಯ ಅಧ್ಯಾಯದ ಏಳು ಬೆಟ್ಟಗಳು, ಭೂರಾಜರನ್ನು ಆಳುವ ಮಹಾನಗರ ಎಂದರೆ ಮೊದಲನೆಯ ಶತಮಾನದ ಓದುಗರಿಗೆ ರೋಮ್ ಬಿಟ್ಟು ಇನ್ನಾವುದೂ ಹೊಳೆದಿರಲಾರದು. 18ನೆಯ ಅಧ್ಯಾಯದ 12 ಮತ್ತು 13ನೆಯ ವಚನಗಳ ಸರಕುಗಳನ್ನು ಗಟ್ಟಿಯಾಗಿ ಓದಿಸಿ ಎಣಿಸಿದೆ: ಚಿನ್ನ, ಮುತ್ತು, ರೇಷ್ಮೆ, ದಂತ, ದಾಲ್ಚಿನ್ನಿ, ಹೀಗೆ 28. ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ಅಗಸ್ಟಸ್, ಟಿಬೇರಿಯಸ್ ಚಕ್ರವರ್ತಿಗಳ ಬೆಳ್ಳಿ ನಾಣ್ಯಗಳು ಸಿಕ್ಕಿರುವುದನ್ನು ಇಲ್ಲಿ ನೆನಪಿಸಿದೆ. ಆ ನಗರದ ಹಣ ನಮ್ಮ ನೆಲದವರೆಗೂ ಬಂದಿತ್ತು. ಪಟ್ಟಿಯ ಕೊನೆಯ ಸರಕು ಮನುಷ್ಯರು, ಅಂದರೆ ಗುಲಾಮರು. ಬಾಬೆಲ್ ಎಂದರೆ ಯಾವುದು ಎಂಬುದಕ್ಕೆ ನನ್ನ ಉತ್ತರ ಆ ಕೊನೆಯ ಸರಕಿನಲ್ಲಿದೆ. ಅಂದು ಅದು ರೋಮ್. ಮನುಷ್ಯನನ್ನು ಸರಕಿನ ಸಾಲಿಗೆ ಸೇರಿಸುವ ಯಾವ ನಗರವೂ ಆ ಹೆಸರಿಗೆ ಪಾತ್ರ.

ನಮ್ಮ ಹಿರಿಯರೊಬ್ಬರು ಇದನ್ನು ಒಪ್ಪಿಲ್ಲ. ಪ್ರವಾದಿ ಯೆಶಾಯನ ಗ್ರಂಥದ 13ನೆಯ ಅಧ್ಯಾಯದಲ್ಲಿ ಬಾಬೆಲ್ ಬೆಂಕಿಗೆ ನಾಶವಾದ ಸೊದೋಮಿನಂತೆ ಕೆಡವಲ್ಪಡುವುದು ಎಂದಿದೆ, ಕ್ರಿ.ಪೂ. 539ರಲ್ಲಿ ಪಾರಸಿಯ ಅರಸ ಕೋರೆಷನು ಅದನ್ನು ಹಿಡಿದನೇ ಹೊರತು ಸುಡಲಿಲ್ಲ, ಅಲೆಕ್ಸಾಂಡರ್ ಕ್ರಿ.ಪೂ. 323ರಲ್ಲಿ ಸತ್ತದ್ದೂ ಅಲ್ಲಿಯೇ, ಆದ್ದರಿಂದ ಆ ಮಾತು ಇನ್ನೂ ಬಾಕಿ ಎನ್ನುತ್ತಾರೆ. ಅದು ಹಗುರವಾದ ವಾದವಲ್ಲ. ಯೆಶಾಯ 34ರಲ್ಲಿ ಎದೋಮ್ ನಾಡಿನ ಹೊಳೆಗಳು ರಾಳವಾಗುವವು ಎಂಬ ಮಾತನ್ನು, ಅದನ್ನೂ ಅಕ್ಷರಶಃ ಓದಬೇಕೇ ಎಂದು, ಅವರ ಮುಂದಿಟ್ಟಿದ್ದೇನೆ. ಮುಂದಿನ ಕೂಟದಲ್ಲಿ ಅದನ್ನು ಅವರೇ ಓದಿಸಲಿದ್ದಾರೆ.